ಕಟ್ಟುಮರದ ಚರಿತ್ರೆ

೧

ಪಾಶ್ಚಾತ್ಯ ಭಾಷೆಗಳು ದ್ರಾವಿಡ ನುಡಿಗಳಿಂದ ಪಡೆದ ಶಬ್ದಗಳು ಬಹಳವಿಲ್ಲ. ಇರುವ ಕೆಲವರಲ್ಲಿ ‘ಕ್ಯಾಟಮರಾನ್’ ಎಂಬುದೊಂದು. ಇದು ತಮಿಳಿನ ‘ಕಟ್ಟುಮರಂ’ ಎಂಬ ಮಾತಿನ ರೂಪಾಂತರವೆಂಬುದರಲ್ಲಿ ನಿಘಂಟುಕಾರರಿಗೆ ಭಿನ್ನಾಭಿಪ್ರಾಯವಿಲ್ಲ. ‘ಕಟ್ಟು’, ‘ಮರ’ ಎಂಬ ಎರಡು ಪದಗಳೂ ಕನ್ನಡದಲ್ಲಿಯೂ ಇದೇ ಅರ್ಥದಲ್ಲಿ ಬಳಕೆಯಲ್ಲಿರುವುದರಿಂದ ಕನ್ನಡಿಗನಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾದ ಅವಶ್ಯಕತೆಯೇ ಇಲ್ಲ. ಕಟ್ಟಿದ ಮರವೇ ಕಟ್ಟುಮರ.

ಆದರೆ ಇಂದು ಪಶ್ಚಿಮದ ದೇಶಗಳಲ್ಲಿ ಈ ಹೆಸರನ್ನು ಹೇಳಿದರೆ ಕೇಳಿದವರ ಕಣ್ಣೆದುರಿಗೆ ಬರುವುದು ಮರದ ದಿಮ್ಮಿಗಳ ತೆಪ್ಪವಲ್ಲ. ಕಿರಿದಾಗಿಯೂ ನೀಳವಾಗಿಯೂ ಇರುವ ಎರಡು ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿ, ನಡುವೆ ಬಲವಾದ ಬಟ್ಟೆಯನ್ನು ಬಿಗಿದು, ಎತ್ತರವಾದ ಹಾಯಿಯನ್ನೇರಿಸಿ, ಗಾಳಿಯ ಬಲವೊಂದರಿಂದಲೇ ನೀರಿನ ಮೇಲೆ ಹಾರುವಂತೆ ಓಡುವ ಪಂದ್ಯದ ದೋಣಿಯೇ ಅವರ ಕ್ಯಾಟಮರಾನ್. ಚೋಳಮಂಡಲದ ಬೆಸ್ತರ ತೆಪ್ಪಕ್ಕೂ ಈ ಜೋಡಿದೋಣಿಗೂ ಆಕಾರದಲ್ಲಿ ಯಾವ ಹೋಲಿಕೆಯೂ ಇಲ್ಲ. ಹಾಗಿದ್ದರೆ ಹೆಸರು ಒಂದರಿಂದ ಇನ್ನೊಂದಕ್ಕೆ ಹೋದುದು ಕೇವಲ ಪರದೇಶೀಯರ ಪ್ರಮಾದವೇ ಎಂದು ಕೇಳಬಹುದು. ಪ್ರಮಾದವೆಂಬುದು ಒಂದು ಮಟ್ಟಿಗೆ ನಿಜ. ಆದರೂ ಈ ದೋಣಿಗಳ ಚರಿತ್ರೆಯನ್ನೂ, ಅವನ್ನು ಕಟ್ಟುವ ಮತ್ತು ಕಾಪಾಡುವ ಕ್ರಮವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ಪ್ರಮಾದದ ಒಳಗೂ ಒಂದು ಔಚಿತ್ಯವಿರುವುದು ತೋರಿಬರುತ್ತದೆ. ಉಳಿದ ನಾವೆಗಳ ಜೀವವಿರುವುದು ಒಡಲಿನಲ್ಲಿ. ಇವುಗಳ ಜೀವವಿರುವುದು ಕಟ್ಟಿನಲ್ಲಿ.

೨

ಮೊದಲು ಮೂಲದ ಕಟ್ಟುಮರವನ್ನು ನೋಡಬೇಕು. ಪೂರ್ವ ಕರಾವಳಿಯ ಬಹುಭಾಗದಲ್ಲಿ ಸಹಜವಾದ ಬಂದರುಗಳಿಲ್ಲ. ಬಯಲಾದ ಮರಳ ದಂಡೆಗೆ ತೆರೆಗಳು ನೇರವಾಗಿ ಬಂದು ಒಡೆಯುತ್ತವೆ. ಅಂತಹ ದಂಡೆಯಲ್ಲಿ ಹಲಗೆಗಳನ್ನು ಮೊಳೆಯಿಂದ ಬಿಗಿದ ದೋಣಿ ಬಹುಕಾಲ ಬಾಳಲಾರದು. ನೆಲಕ್ಕೆ ಅಪ್ಪಳಿಸಿದ ಕೂಡಲೇ ಅದರ ಸಂದುಗಳು ಬಾಯಿಬಿಡುತ್ತವೆ. ಅಲ್ಲಿಯ ಬೆಸ್ತರು ಇದಕ್ಕೆ ಎರಡು ಉಪಾಯಗಳನ್ನು ಕಂಡುಕೊಂಡರು. ಒಂದು, ಹಲಗೆಗಳನ್ನು ಮೊಳೆಯಿಲ್ಲದೆ ನಾರಿನ ಹುರಿಯಿಂದ ಹೊಲಿದ ಮಸೂಲಾ ದೋಣಿ. ಇನ್ನೊಂದು ಕಟ್ಟುಮರ.

ಹಗುರವಾದ ಮರದ ಕೆಲವು ದಿಮ್ಮಿಗಳನ್ನು ಚೆನ್ನಾಗಿ ಕೆತ್ತಿ, ಮುಂತುದಿಯನ್ನು ತೆರೆಯ ಮೇಲೆ ಏರುವಂತೆ ಚೂಪಾಗಿ ಬಾಗಿಸಿ, ಅವುಗಳನ್ನು ಮುಂದೆಯೂ ಹಿಂದೆಯೂ ಕತ್ತದ ಹಗ್ಗದಿಂದ ಬಿಗಿಯುತ್ತಿದ್ದರು. ಇಷ್ಟೇ ಅದರ ರಚನೆ. ಅದಕ್ಕೆ ಒಳಗು ಎಂಬುದಿಲ್ಲವಾದ್ದರಿಂದ ನೀರು ತುಂಬುವ ಭಯವೂ ಇಲ್ಲ. ಮೇಲೆ ಬಿದ್ದ ತೆರೆ ದಿಮ್ಮಿಗಳ ನಡುವಿನಿಂದಲೇ ಇಳಿದು ಹೋಗುತ್ತದೆ. ಅಲೆಯ ಹೊಡೆತಕ್ಕೆ ದಿಮ್ಮಿಗಳು ಒಂದಿಷ್ಟು ಅಲುಗಾಡುತ್ತವೆಯೇ ಹೊರತು ಮುರಿಯುವುದಿಲ್ಲ. ಬಿಗಿಯಾಗಿ ಹಿಡಿದಿರುವುದೂ, ಬೇಕಾದಷ್ಟು ಬಿಟ್ಟುಕೊಡುವುದೂ ಹಗ್ಗದ ಗುಣ. ಮೊಳೆಗೆ ಮೊದಲನೆಯದು ಗೊತ್ತು, ಎರಡನೆಯದು ತಿಳಿಯದು.

ಈ ತೆಪ್ಪದ ಪಾಲನೆಯ ಕ್ರಮವು ಅದರ ರಚನೆಗಿಂತಲೂ ಗಮನಾರ್ಹವಾದುದು. ಕಡಲಿನಿಂದ ಹಿಂದಿರುಗಿದ ಮೇಲೆ ಬೆಸ್ತರು ಹಗ್ಗವನ್ನು ಬಿಚ್ಚಿ, ದಿಮ್ಮಿಗಳನ್ನು ಬೇರೆಬೇರೆಯಾಗಿ ಮರಳಿನ ಮೇಲೆ ಒಣಗಲು ಬಿಡುತ್ತಿದ್ದರು. ಹಗುರವಾದ ಮರವು ನೀರನ್ನು ಕುಡಿದು ಭಾರವಾಗುತ್ತದೆ. ಬಿಸಿಲಿನಲ್ಲಿ ಒಣಗಿದರೆ ತನ್ನ ತೇಲುವ ಶಕ್ತಿಯನ್ನು ಮರಳಿ ಪಡೆಯುತ್ತದೆ. ಮತ್ತೆ ಕಡಲಿಗಿಳಿಯುವ ಮುನ್ನ ಪುನಃ ಕಟ್ಟಬೇಕು. ಹೀಗೆ ಕಟ್ಟುಮರವೆಂಬುದು ಒಮ್ಮೆ ಕಟ್ಟಿ ಮುಗಿಸಿದ ವಸ್ತುವಲ್ಲ. ಮೇಲಿಂದ ಮೇಲೆ ಬಿಚ್ಚಿ ಮೇಲಿಂದ ಮೇಲೆ ಕಟ್ಟತಕ್ಕದ್ದು. ಹಗ್ಗ ಸವೆದಿದ್ದರೆ ಕಟ್ಟುವ ಕೈಗೇ ಅದು ತಿಳಿಯುತ್ತಿತ್ತು. ದಿಮ್ಮಿ ಕೆಟ್ಟಿದ್ದರೆ ಅದೊಂದನ್ನೇ ಬದಲಾಯಿಸಿದರೆ ಸಾಕಾಗುತ್ತಿತ್ತು. ಪರೀಕ್ಷೆಯೂ ದುರಸ್ತಿಯೂ ದಿನಚರಿಯಲ್ಲಿಯೇ ಅಡಕವಾಗಿದ್ದುವು.

ವಿಲಿಯಂ ಡ್ಯಾಂಪಿಯರ್ ಎಂಬ ಆಂಗ್ಲ ನಾವಿಕನು ೧೬೯೭ರಲ್ಲಿ ಪ್ರಕಟವಾದ ತನ್ನ ಭೂಪ್ರದಕ್ಷಿಣೆಯ ಗ್ರಂಥದಲ್ಲಿ ಚೋಳಮಂಡಲದ ಈ ತೆಪ್ಪಗಳನ್ನು ಹೆಸರಿಸಿ ವರ್ಣಿಸಿದ್ದಾನೆ. ಮದರಾಸಿನಲ್ಲಿ ಬಂದರು ನಿರ್ಮಾಣವಾಗುವುದಕ್ಕೆ ಮುಂಚೆ, ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಂತಿರುವಾಗ, ಬೇರೆ ಯಾವ ದೋಣಿಯೂ ತೆರೆಗಳನ್ನು ದಾಟಲಾರದಂತಹ ದಿನಗಳಲ್ಲಿಯೂ ಕಟ್ಟುಮರದವರು ಕಾಗದಪತ್ರಗಳನ್ನು ತಲೆಯ ಟೋಪಿಯೊಳಗೆ ಇಟ್ಟುಕೊಂಡು ಹಡಗಿಗೆ ಮುಟ್ಟಿಸುತ್ತಿದ್ದರು. ಮದರಾಸು ಸರಕಾರದ ಮೀನುಗಾರಿಕೆಯ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸನು ಭಾರತದ ದೋಣಿಗಳ ಆಕಾರ ಮತ್ತು ಮೂಲಗಳನ್ನು ಕುರಿತು ೧೯೨೦ರಲ್ಲಿ ಒಂದು ಪ್ರೌಢಪ್ರಬಂಧವನ್ನು ಪ್ರಕಟಿಸಿದನು. ಪಕ್ಕದಲ್ಲಿ ತೇಲುಮರವನ್ನು ಕಟ್ಟಿದ ಭಾರತೀಯ ದೋಣಿಗಳಿಗೂ ಪೆಸಿಫಿಕ್ ಮಹಾಸಾಗರದ ದ್ವೀಪವಾಸಿಗಳ ದೋಣಿಗಳಿಗೂ ಸಂಬಂಧವಿರಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. ಇಂತಹ ತೇಲುಮರದ ದೋಣಿಗಳು ಕಾರವಾರದ ಕಡೆಯ ಕರಾವಳಿಗೂ ಅಪರಿಚಿತವಲ್ಲ.

೩

ಜೋಡಿದೋಣಿಯ ನಿಜವಾದ ತವರು ಆ ಪೆಸಿಫಿಕ್ ದ್ವೀಪಗಳೇ. ಟೋಂಗಾ, ಟಹೀಟಿ, ಹವಾಯಿ ಮೊದಲಾದ ದ್ವೀಪಗಳ ಜನರು ಎರಡು ನೀಳವಾದ ದೋಣಿಗಳನ್ನು ಅಡ್ಡತೊಲೆಗಳಿಗೆ ತೆಂಗಿನ ನಾರಿನ ಹುರಿಯಿಂದ ಬಿಗಿದು, ಸಾವಿರಾರು ಮೈಲಿಗಳ ಸಮುದ್ರವನ್ನು ದಾಟಿ ಹೊಸ ದ್ವೀಪಗಳಲ್ಲಿ ನೆಲೆಸಿದರು. ೧೬೧೬ರಲ್ಲಿ ಷೌಟನ್ ಮತ್ತು ಲ ಮೇರ್ ಎಂಬ ಡಚ್ ನಾವಿಕರು ಟೋಂಗಾದ ಬಳಿ ಅಂತಹ ದೋಣಿಯೊಂದನ್ನು ಸಂಧಿಸಿದರು. ೧೭೭೪ರಲ್ಲಿ ಕ್ಯಾಪ್ಟನ್ ಕುಕ್ ಟಹೀಟಿಯಲ್ಲಿ ಯುದ್ಧಕ್ಕೆ ಸನ್ನದ್ಧವಾದ ಜೋಡಿದೋಣಿಗಳ ಒಂದು ಪಡೆಯನ್ನೇ ಕಂಡನು.

ಯೂರೋಪಿನಲ್ಲಿ ಇಂತಹ ದೋಣಿಯನ್ನು ಮಾಡಿ ಪರೀಕ್ಷಿಸಿದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾದವನು ಸರ್ ವಿಲಿಯಂ ಪೆಟ್ಟಿ. ಇವನು ವೈದ್ಯನು, ಐರ್ಲೆಂಡಿನ ಭೂಮಾಪನವನ್ನು ನಡೆಸಿದವನು, ಅರ್ಥಶಾಸ್ತ್ರಜ್ಞನು, ಲಂಡನ್ನಿನ ರಾಯಲ್ ಸೊಸೈಟಿಯ ಆದ್ಯಸದಸ್ಯರಲ್ಲೊಬ್ಬನು. ೧೬೬೨ರಲ್ಲಿ ಡಬ್ಲಿನ್ ನಗರದಲ್ಲಿ ಇವನು ಎರಡು ಒಡಲುಗಳ ನಾವೆಯೊಂದನ್ನು ಕಟ್ಟಿಸಿದನು. ಮಾರನೆಯ ವರ್ಷ ಡಬ್ಲಿನ್ ಬಂದರಿನಲ್ಲಿ ನಡೆದ ಪಂದ್ಯದಲ್ಲಿ ಅದು ಗೆದ್ದಿತು. ಅದೇ ವರ್ಷ ಅವನ ಎರಡನೆಯ ನಾವೆಯು ಐರಿಷ್ ಸಮುದ್ರವನ್ನು ದಾಟುವ ಪಂದ್ಯದಲ್ಲಿ ಅಂಚೆಯ ಹಡಗನ್ನು ಹಿಂದೆ ಹಾಕಿತು. ಇದರಿಂದ ಉತ್ತೇಜಿತನಾದ ಪೆಟ್ಟಿಯು ಕಟ್ಟಿಸಿದ ಮೂರನೆಯ ನಾವೆಗೆ ‘ಪ್ರಯೋಗ’ ಎಂಬರ್ಥದ ‘ಎಕ್ಸ್‌ಪೆರಿಮೆಂಟ್’ ಎಂದೇ ಹೆಸರಿಡಲಾಯಿತು. ೧೬೬೪ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಸಮಕ್ಷದಲ್ಲಿ ಅದನ್ನು ನೀರಿಗಿಳಿಸಿದರು. ೧೬೬೫ರಲ್ಲಿ ಪೋರ್ಚುಗಲ್ಲಿನಿಂದ ಹಿಂದಿರುಗುವಾಗ ಅದು ಬಿರುಗಾಳಿಗೆ ಸಿಕ್ಕಿ ಜನಸಮೇತ ಮುಳುಗಿಹೋಯಿತು. ಏನಾಯಿತೆಂದು ಹೇಳಲು ಒಬ್ಬರೂ ಉಳಿಯಲಿಲ್ಲ. ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ೧೬೮೪ರಲ್ಲಿ ಪೆಟ್ಟಿಯು ಮತ್ತೊಂದನ್ನು ಕಟ್ಟಿಸಿದನಾದರೂ ಅದು ನಿಷ್ಪ್ರಯೋಜಕವಾಯಿತು. ಎರಡು ಒಡಲಿನ ದೋಣಿ ವೇಗವಾಗಿ ಹೋಗಬಲ್ಲದೆಂಬುದು ಸಿದ್ಧವಾಗಿತ್ತು. ಎರಡನ್ನೂ ಒಂದಾಗಿ ಹಿಡಿಯುವ ವಿದ್ಯೆ ಮಾತ್ರ ಇನ್ನೂ ಸಿದ್ಧಿಸಿರಲಿಲ್ಲ.

೪

ಆ ವಿದ್ಯೆಯನ್ನು ಮರಳಿ ವಿಚಾರಮಾಡಿದವನು ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಬ್ರಿಸ್ಟಲ್ ಊರಿನ ನಥಾನಿಯಲ್ ಹೆರೆಷಾಫ್. ಎರಡು ಒಡಲುಗಳು ಒಂದೇ ತೆರೆಯ ಮೇಲೆ ಒಂದೇ ಕ್ಷಣದಲ್ಲಿ ಏರಿಳಿಯುವುದಿಲ್ಲ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಆಗ ನಡುವಿನ ತೊಲೆಗಳು ತಿರುಚಿಕೊಳ್ಳುತ್ತವೆ. ಈ ತಿರುಚನ್ನು ಬಲದಿಂದ ತಡೆಯುವುದಕ್ಕೆ ಹೋಗದೆ, ಗುಂಡು ಮತ್ತು ಗುಳಿಯ ಕೀಲುಗಳಿಂದ ತೊಲೆಗಳನ್ನು ಒಡಲುಗಳಿಗೆ ಜೋಡಿಸಿ, ಪ್ರತಿಯೊಂದು ಒಡಲೂ ತನ್ನಷ್ಟಕ್ಕೆ ತೆರೆಯನ್ನು ಅನುಸರಿಸುವಂತೆ ಹೆರೆಷಾಫನು ಏರ್ಪಡಿಸಿದನು. ನಾರಿನ ಹಗ್ಗವು ಸ್ವಭಾವದಿಂದಲೇ ಮಾಡುತ್ತಿದ್ದುದನ್ನು ಇವನು ಲೋಹದ ಕೀಲಿನಿಂದ ಮಾಡಿಸಿದನೆಂದರೆ ತಪ್ಪಾಗಲಾರದು.

ಅಮೆರಿಕವು ಸ್ವತಂತ್ರವಾಗಿ ನೂರು ವರ್ಷ ತುಂಬಿದ ೧೮೭೬ರಲ್ಲಿ ನ್ಯೂಯಾರ್ಕಿನಲ್ಲಿ ಶತಮಾನೋತ್ಸವದ ದೋಣಿಪಂದ್ಯಗಳು ನಡೆದುವು. ಹೆರೆಷಾಫನ ‘ಅಮರಿಲಿಸ್’ ಎಂಬ ಜೋಡಿದೋಣಿ ಅಲ್ಲಿ ಸ್ಪರ್ಧಿಸಿ, ಉಳಿದ ದೋಣಿಗಳನ್ನು ಹಿಂದೆ ಹಾಕಿ ಗುರಿಯನ್ನು ಮುಟ್ಟಿತು. ಸೋತವರು ಆಕ್ಷೇಪಣೆಯನ್ನು ಸಲ್ಲಿಸಿದರು. ಅಮರಿಲಿಸ್ ಬಹುಮಾನಕ್ಕೆ ಅರ್ಹವಲ್ಲವೆಂದು ತೀರ್ಮಾನವಾಯಿತು. ಮಾರನೆಯ ವರ್ಷದ ಏಪ್ರಿಲ್ ತಿಂಗಳಲ್ಲಿ ಹೆರೆಷಾಫನಿಗೆ ತನ್ನ ರಚನೆಗೆ ಸರಕಾರದ ಪೇಟೆಂಟೇನೋ ದೊರೆಯಿತು. ಆದರೆ ಪಂದ್ಯಗಳಲ್ಲಿ ಪ್ರವೇಶವಿಲ್ಲದ ದೋಣಿಯನ್ನು ಕೊಳ್ಳುವವರಾರು? ಅವನು ಅದನ್ನು ಬಿಟ್ಟು ಒಂದೇ ಒಡಲಿನ ನೌಕೆಗಳ ಕಡೆಗೆ ತಿರುಗಿದನು. ೧೮೯೩ರಿಂದ ೧೯೨೦ರ ವರೆಗೆ ಅಮೆರಿಕಾ ಕಪ್ ಎಂಬ ಪ್ರಸಿದ್ಧ ಪಾರಿತೋಷಕವನ್ನು ಉಳಿಸಿಕೊಂಡ ನೌಕೆಗಳೆಲ್ಲ ಅವನು ರಚಿಸಿದುವೇ. ಅಂತಹ ಪ್ರತಿಭಾಶಾಲಿಯ ಕೈಯಿಂದ ಜೋಡಿದೋಣಿಯು ತಪ್ಪಿಹೋದುದು ಅದರ ಬೆಳವಣಿಗೆಗೆ ಬಿದ್ದ ದೊಡ್ಡ ಪೆಟ್ಟು. ಮುಂದಿನ ಸುಮಾರು ಎಪ್ಪತ್ತು ವರ್ಷಗಳ ಕಾಲ ಅದು ಪಂದ್ಯಗಳ ಲೋಕದಲ್ಲಿ ಪಂಕ್ತಿಬಾಹ್ಯವಾಗಿಯೇ ಉಳಿಯಿತು.

ಪಂದ್ಯದವರ ಅಸಮಾಧಾನಕ್ಕೆ ಕಾರಣವಾದ ವೇಗವು ಎಲ್ಲಿಂದ ಬಂದಿತೆಂಬುದನ್ನು ಇಲ್ಲಿಯೇ ಹೇಳಬಹುದು. ಒಂದೇ ಒಡಲಿನ ಹಾಯಿದೋಣಿಯು ಗಾಳಿಗೆ ಮಗುಚದಿರಬೇಕಾದರೆ ಅಗಲವಾಗಿರಬೇಕು, ಇಲ್ಲವೆ ತಳದಲ್ಲಿ ಸೀಸದಂತಹ ಭಾರವನ್ನು ಹೊತ್ತಿರಬೇಕು. ಅಗಲವಾದರೆ ನೀರನ್ನು ಹೆಚ್ಚಾಗಿ ತಳ್ಳಬೇಕಾಗುತ್ತದೆ. ಭಾರವಾದರೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಜೋಡಿದೋಣಿಯಾದರೋ ಎರಡು ಕಾಲುಗಳನ್ನು ಅಗಲಿಸಿ ನಿಂತ ಮಲ್ಲನಂತೆ, ನಿಲುವಿನ ಬಲದಿಂದಲೇ ಗಾಳಿಯನ್ನು ತಡೆಯುತ್ತದೆ. ಒಡಲುಗಳು ಸಪೂರವಾಗಿರುವುದರಿಂದ ನೀರನ್ನು ಕತ್ತರಿಸಿಕೊಂಡು ಹೋಗುತ್ತವೆ. ಹೀಗೆ ಭಾರವಿಲ್ಲದೆಯೇ ಸ್ಥೈರ್ಯವುಂಟಾಗುತ್ತದೆ. ಆದರೆ ಈ ಲಾಭದ ಬೆಲೆಯನ್ನೆಲ್ಲ ತೆರಬೇಕಾದುದು ನಡುವಿನ ಕಟ್ಟು.

೫

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಜೋಡಿದೋಣಿಯ ಪುನರುಜ್ಜೀವನವಾಯಿತು. ಹವಾಯಿ ದ್ವೀಪದಲ್ಲಿ ವುಡಿ ಬ್ರೌನ್ ಎಂಬುವನು ಪೆಸಿಫಿಕ್ ದ್ವೀಪವಾಸಿಗಳ ದೋಣಿಯಿಂದ ಸ್ಫೂರ್ತಿಯನ್ನು ಪಡೆದು, ಆಲ್ಫ್ರೆಡ್ ಕುಮಲಯೆ ಎಂಬ ಕುಶಲಿಯೊಡನೆ ೧೯೪೭ರಲ್ಲಿ ‘ಮನು ಕಾಯಿ’ ಎಂಬ ಹಗುರವಾದ ಜೋಡಿದೋಣಿಯನ್ನು ಕಟ್ಟಿದನು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಕ್ಯಾನ್ವೆ ದ್ವೀಪದಲ್ಲಿ ರೋಲಂಡ್ ಮತ್ತು ಫ್ರಾನ್ಸಿಸ್ ಪ್ರೌಟ್ ಎಂಬ ಸಹೋದರರು ಎರಡು ಸಣ್ಣ ಹುಟ್ಟುದೋಣಿಗಳನ್ನು ಬಿದಿರಿನ ಗಳುಗಳಿಂದ ಜೋಡಿಸಿ ಪ್ರಯೋಗವನ್ನು ಆರಂಭಿಸಿ, ೧೯೫೦ರ ದಶಕದಲ್ಲಿ ‘ಷಿಯರ್‌ವಾಟರ್’ ಎಂಬ ಪಂದ್ಯದ ದೋಣಿಗಳನ್ನು ಹೊರತಂದರು. ೧೯೬೭ರಲ್ಲಿ ರಾಡ್ನಿ ಮಾರ್ಚ್ ಎಂಬ ಆಂಗ್ಲೇಯನು ಇಪ್ಪತ್ತು ಅಡಿ ಉದ್ದದ, ಹತ್ತು ಅಡಿ ಅಗಲದ ‘ಟೊರ್ನೇಡೊ’ ದೋಣಿಯನ್ನು ರಚಿಸಿದನು.

ಆ ಮುಂದಿನ ವರ್ಷ, ೧೯೬೮ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅಲೆಯ ಮೇಲೆ ಜಾರುವ ಹಲಗೆಗಳನ್ನು ಮಾಡುತ್ತಿದ್ದ ಹೋಬಾರ್ಟ್ ಆಲ್ಟರ್ ಎಂಬುವನು ತನ್ನ ಮೊದಲನೆಯ ಜೋಡಿದೋಣಿಯನ್ನು ಮಾರಾಟಕ್ಕೆ ತಂದನು. ಎರಡು ವರ್ಷಗಳೊಳಗಾಗಿ ಅದರ ಹಿರಿಯ ರೂಪವಾದ ‘ಹೋಬಿ ಹದಿನಾರು’ ಬಂದಿತು. ಬಂದರಿನ ಹಂಗಿಲ್ಲದೆ, ಬಯಲು ಮರಳ ದಂಡೆಯಿಂದಲೇ ತೆರೆಗಳ ನಡುವೆ ನೂಕಿ, ಮತ್ತೆ ಮರಳಿನ ಮೇಲಕ್ಕೇ ಎಳೆದುಕೊಳ್ಳಬಹುದಾದ ದೋಣಿಯೊಂದು ಬೇಕೆಂಬುದು ಆಲ್ಟರನ ಸಂಕಲ್ಪವಾಗಿತ್ತು. ಚೋಳಮಂಡಲದ ಬೆಸ್ತರಿಗೆ ಯಾವ ಪ್ರಶ್ನೆ ಎದುರಾಗಿತ್ತೋ ಅದೇ ಪ್ರಶ್ನೆ ಇದು. ಹೆಸರು ಎಲ್ಲಿಂದೆಲ್ಲಿಗೋ ಅಲೆದು, ಕಡೆಗೆ ತನಗೆ ತಕ್ಕ ದಂಡೆಯನ್ನೇ ಸೇರಿತು. ಈ ಒಂದು ಬಗೆಯ ದೋಣಿಯೇ ಈವರೆಗೆ ಲಕ್ಷಕ್ಕೂ ಮಿಕ್ಕಿ ತಯಾರಾಗಿದೆ.

ಅಮರಿಲಿಸ್ ಹೊರದೂಡಲ್ಪಟ್ಟು ಸರಿಯಾಗಿ ನೂರು ವರ್ಷಗಳಾದ ಮೇಲೆ, ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡೆಗಳಲ್ಲಿ, ಟೊರ್ನೇಡೊ ದೋಣಿಗೆ ಸ್ಥಾನ ದೊರೆಯಿತು. ರೆಗ್ ವೈಟ್ ಮತ್ತು ಜಾನ್ ಆಸ್ಬರ್ನ್ ಎಂಬ ಆಂಗ್ಲ ಜೋಡಿ ಅದರಲ್ಲಿ ಸುವರ್ಣಪದಕವನ್ನು ಗೆದ್ದಿತು. ೨೦೦೮ರ ವರೆಗೆ ಟೊರ್ನೇಡೊ ಒಲಿಂಪಿಕ್ಕಿನಲ್ಲಿ ಉಳಿಯಿತು. ೨೦೧೨ರಲ್ಲಿ ಜೋಡಿದೋಣಿಗೆ ಸ್ಥಳವಿರಲಿಲ್ಲ. ೨೦೧೬ರಲ್ಲಿ ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ಕೂಡಿ ನಡೆಸತಕ್ಕ ‘ನಾಕ್ರಾ ಹದಿನೇಳು’ ಆ ಸ್ಥಾನಕ್ಕೆ ಬಂದಿತು. ಹಳೆಯ ವ್ಯಾಜ್ಯವಾದರೂ ಸುಲಭವಾಗಿ ತೀರಲಿಲ್ಲ. ೧೯೮೮ರಲ್ಲಿ ಅಮೆರಿಕಾ ಕಪ್ಪಿನ ಸ್ಪರ್ಧೆಗೆ ಜೋಡಿದೋಣಿಯೊಂದು ಇಳಿದು ಗೆದ್ದಾಗ ಅದು ನ್ಯಾಯವೇ ಎಂಬ ಪ್ರಶ್ನೆ ನ್ಯೂಯಾರ್ಕಿನ ನ್ಯಾಯಾಲಯಗಳಿಗೆ ಹೋಗಿ, ೧೯೯೦ರಲ್ಲಿ ಜೋಡಿದೋಣಿಯ ಪಕ್ಷಕ್ಕೆ ತೀರ್ಪಾಯಿತು.

೬

ಇನ್ನು ಈ ದೋಣಿಯನ್ನು ಕಟ್ಟುವ ಕ್ರಮ. ಉದಾಹರಣೆಗೆ ಹೋಬಿ ಹದಿನಾರನ್ನು ತೆಗೆದುಕೊಳ್ಳಬಹುದು. ಇದರ ಉದ್ದ ೧೬ ಅಡಿ ೭ ಅಂಗುಲ, ಅಗಲ ೭ ಅಡಿ ೧೧ ಅಂಗುಲ, ತೂಕ ಸುಮಾರು ೧೪೫ ಕಿಲೋಗ್ರಾಂ. ಇಷ್ಟು ಹಗುರವಾದ ದೋಣಿಯ ಮೇಲೆ ಇಪ್ಪತ್ತಾರೂವರೆ ಅಡಿ ಎತ್ತರದ ಕೂವೆಮರ, ಎಂದರೆ ಹಾಯಿಯ ಕಂಬ, ನಿಲ್ಲುತ್ತದೆ. ಗಾಜಿನೆಳೆ ಮತ್ತು ರಾಳದಿಂದ ಮಾಡಿದ ಎರಡು ಒಡಲುಗಳ ಮೇಲೆ ನಿಂತಿರುವ ಗಿಡ್ಡ ಕಂಬಗಳಲ್ಲಿ ಅಲ್ಯೂಮಿನಿಯಂ ಕೊಳವೆಗಳ ಒಂದು ಚೌಕಟ್ಟನ್ನು ಕೂಡಿಸುತ್ತಾರೆ. ಚೌಕಟ್ಟಿನ ಒಳಗೆ ಬಲವಾದ ಹಾಸುಬಟ್ಟೆಯನ್ನು ಹಗ್ಗದಿಂದ ಹೆಣೆದು, ಮಂಚಕ್ಕೆ ನವಾರನ್ನು ಬಿಗಿಯುವಂತೆ ಬಿಗಿಯುತ್ತಾರೆ. ಇದು ನಾವಿಕರು ಕೂಡುವ ಸ್ಥಳ ಮಾತ್ರವಲ್ಲ. ಚೌಕಟ್ಟು ಓರೆಯಾಗದಂತೆ ಹಿಡಿಯುವ ಕೆಲಸದಲ್ಲಿ ಇದರ ಪಾಲೂ ಉಂಟು. ಆದ್ದರಿಂದ ಹೆಣಿಗೆಯ ಬಿಗಿ ಎಲ್ಲ ಕಡೆಯೂ ಸಮನಾಗಿರಬೇಕು. ಒಂದೇ ಸಲಕ್ಕೆ ಪೂರಾ ಬಿಗಿಯದೆ, ಹಗ್ಗವು ಹಿಗ್ಗಿ ಕುಳಿತ ಮೇಲೆ ಮತ್ತೊಮ್ಮೆ ಎಳೆದು ಕಟ್ಟುವುದು ಬಲ್ಲವರ ಪದ್ಧತಿ.

ತರುವಾಯ ಕೂವೆಮರವನ್ನು ನಿಲ್ಲಿಸಬೇಕು. ಅದಕ್ಕೆ ಮೊದಲು ತಲೆಯೆತ್ತಿ ಆಕಾಶವನ್ನು ನೋಡಬೇಕೆಂಬುದು ಈ ವಿದ್ಯೆಯ ಮೊದಲನೆಯ ನಿಯಮ. ಲೋಹದ ಉದ್ದನೆಯ ಕಂಬವು ಮೇಲೆ ಹಾದುಹೋಗುವ ವಿದ್ಯುತ್ತಿನ ತಂತಿಗೆ ತಗುಲಿ ಅಮೆರಿಕದಲ್ಲಿ ಹಲವರು ಪ್ರಾಣವನ್ನು ಕಳೆದುಕೊಂಡರು. ಈ ಅಪಘಾತಗಳ ತರುವಾಯ, ೧೯೮೦ರ ದಶಕದಲ್ಲಿ, ಹೋಬಿ ದೋಣಿಗಳ ಕೂವೆಯ ಮೇಲ್ಭಾಗವನ್ನು ವಿದ್ಯುತ್ತು ಹರಿಯದ ಗಾಜಿನೆಳೆಯಿಂದ ಮಾಡುವ ಏರ್ಪಾಟು ಬಂದಿತು. ಆದರೂ ಕಂಬದ ಕೆಳಭಾಗವೂ, ಅದನ್ನು ಹಿಡಿದ ಉಕ್ಕಿನ ತಂತಿಗಳೂ ಲೋಹದವೇ ಆಗಿರುವುದರಿಂದ ಕಣ್ಣಿನ ಎಚ್ಚರಕ್ಕೆ ಬದಲಿಲ್ಲ.

ಕೂವೆಯನ್ನು ನೆಲದಲ್ಲಿ ಹೂಳುವುದಿಲ್ಲ, ತೊಲೆಗೆ ಬೆಸೆಯುವುದೂ ಇಲ್ಲ. ಅದರ ಬುಡವು ಮುಂದಿನ ಅಡ್ಡತೊಲೆಯ ಮೇಲಿನ ಒಂದು ಪೀಠದಲ್ಲಿ ಸುಮ್ಮನೆ ಕುಳಿತಿರುತ್ತದೆ. ಎಡಬಲಗಳ ಒಡಲುಗಳಿಗೆ ಬಂದ ಎರಡು ಉಕ್ಕಿನ ತಂತಿಹಗ್ಗಗಳೂ, ಮುಂದಕ್ಕೆ ಬಂದ ಒಂದು ತಂತಿಹಗ್ಗವೂ ಅದನ್ನು ಮೂರು ಕಡೆಯಿಂದ ಹಿಡಿದಿರುತ್ತವೆ. ಮೊದಲು ಎರಡು ಪಕ್ಕಗಳ ತಂತಿಗಳನ್ನು ಕೀಲು ಹಾಕಿ ಭದ್ರಪಡಿಸಿ, ಬುಡವನ್ನು ಪೀಠದಲ್ಲಿಟ್ಟು, ಒಬ್ಬನು ಎತ್ತುತ್ತಿರಲು ಇನ್ನೊಬ್ಬನು ಮುಂದಿನಿಂದ ಎಳೆದು ನೆಟ್ಟಗೆ ನಿಲ್ಲಿಸಿ, ಮುಂದಿನ ತಂತಿಯನ್ನು ಕೂಡಲೇ ಸಿಕ್ಕಿಸಬೇಕು. ಕೀಲು ಕಳಚದಂತೆ ಅದರ ತುದಿಗೆ ಒಂದು ಸಣ್ಣ ಸುರುಳಿಯುಂಗುರವನ್ನು ತೊಡಿಸಿ, ಉಂಗುರವು ಹಗ್ಗಕ್ಕೆ ಸಿಕ್ಕಿ ಬಿಚ್ಚಿಹೋಗದಂತೆ ಮೇಲೆ ಅಂಟುಪಟ್ಟಿಯನ್ನು ಸುತ್ತುತ್ತಾರೆ. ಉಂಗುರದ ಬೆಲೆ ಅತ್ಯಲ್ಪ. ಅದು ಕಳಚಿದರೆ ಕೀಲು ಜಾರುತ್ತದೆ. ಕೀಲು ಜಾರಿದರೆ ತಂತಿ ಹೋಗುತ್ತದೆ. ತಂತಿ ಹೋದರೆ ಕೂವೆಯು ಹಾಯಿಸಮೇತವಾಗಿ ಕುಳಿತವರ ಮೇಲೆ ಬೀಳುತ್ತದೆ.

ಹಾಯಿಗಳು ಎರಡು. ದೊಡ್ಡ ಹಾಯಿಯ ಅಗಲಕ್ಕೂ ಪೂರ್ತಿಯಾಗಿ ತೆಳುವಾದ ಪಟ್ಟಿಕೋಲುಗಳನ್ನು ತೂರಿಸಿ, ಹಾಯಿಗೆ ಹಕ್ಕಿಯ ರೆಕ್ಕೆಯಂತಹ ಬಾಗು ಬರುವಷ್ಟು ಬಿಗಿಯಾಗಿ ಕಟ್ಟುತ್ತಾರೆ. ಹಾಯಿಯ ಅಂಚು ಕೂವೆಯ ಹಿಂದಿನ ಗಾಡಿಯಲ್ಲಿ ಸರಿಯುತ್ತ ಮೇಲೇರುತ್ತದೆ. ಗಾಳಿಯ ದಿಕ್ಕಿಗೆ ತಕ್ಕಂತೆ ಕೂವೆಯೂ ತುಸು ತಿರುಗುವುದರಿಂದ ಕೂವೆ ಮತ್ತು ಹಾಯಿ ಒಂದೇ ರೆಕ್ಕೆಯಾಗಿ ಕೆಲಸಮಾಡುತ್ತವೆ. ಮುಂದಿನ ಸಣ್ಣ ಹಾಯಿಯ ಅಂಚಿನೊಳಗೆ ಒಂದು ತಂತಿಯಿದೆ. ಆ ಹಾಯಿಯನ್ನು ರಾಟೆಗಳ ಸಹಾಯದಿಂದ ಬಲವಾಗಿ ಎಳೆದು ಕಟ್ಟಿದಾಗ ಇಡೀ ಕಟ್ಟಡಕ್ಕೆ ಬಿಗಿ ಬರುತ್ತದೆ. ಅದುವರೆಗೆ ಕೂವೆಯನ್ನು ಹಿಡಿದಿದ್ದ ಮುಂದಿನ ತಂತಿ ಆಗ ಸಡಿಲವಾಗುತ್ತದೆ. ವೀಣೆಯ ತಂತಿಗಳನ್ನು ಶ್ರುತಿಮಾಡುವಾಗ ಒಂದನ್ನು ಬಿಗಿದರೆ ಇನ್ನೊಂದರ ಸ್ವರ ಇಳಿಯುವಂತೆ, ಇಲ್ಲಿಯೂ ಒಂದರ ಬಿಗಿ ಇನ್ನೊಂದನ್ನು ಮುಟ್ಟದೆ ಬಿಡುವುದಿಲ್ಲ. ಪಕ್ಕದ ತಂತಿಗಳು ಸೇರುವ ಪಟ್ಟಿಯಲ್ಲಿ ಹಲವು ತೂತುಗಳಿದ್ದು, ಕೀಲನ್ನು ಯಾವುದರಲ್ಲಿ ಹಾಕುವುದೆಂಬುದರ ಮೇಲೆ ಕೂವೆಯು ಎಷ್ಟು ಹಿಂದಕ್ಕೆ ವಾಲಬೇಕೆಂಬುದು ಗೊತ್ತಾಗುತ್ತದೆ. ಕೂವೆ ಬಹಳ ಮುಂದಕ್ಕಿದ್ದರೆ ವೇಗದಲ್ಲಿ ಒಡಲಿನ ಮೂತಿಯು ನೀರಿಗೆ ಹೊಕ್ಕು ದೋಣಿ ಪಲ್ಟಿಹೊಡೆಯುವ ಸಂಭವ ಹೆಚ್ಚು. ಕಡೆಯಲ್ಲಿ ಎರಡು ಚುಕ್ಕಾಣಿಗಳನ್ನು ತೂಗುಹಾಕಿ, ಅವೆರಡೂ ಒಂದಕ್ಕೊಂದು ಸಮಾನಾಂತರವಾಗಿರುವಂತೆ ನಡುವಿನ ಕೋಲನ್ನು ಸರಿಪಡಿಸಿದರೆ ದೋಣಿಯು ಸಿದ್ಧವಾಯಿತು.

೭

ಕಟ್ಟುವುದು ಒಂದು ಗಳಿಗೆಯ ಕೆಲಸ. ಕಾಪಾಡುವುದು ವರ್ಷವಿಡೀ ನಡೆಯತಕ್ಕ ಕೆಲಸ. ಉಪ್ಪುನೀರು, ಬಿಸಿಲು, ಮರಳು ಎಂಬ ಮೂವರು ಈ ದೋಣಿಯ ಶತ್ರುಗಳು. ಉಪ್ಪುನೀರಿನಲ್ಲಿ ಅಲ್ಯೂಮಿನಿಯಮ್ಮಿಗೆ ಉಕ್ಕು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಕ್ರಮೇಣ ಕೊರೆದುಹೋಗುತ್ತದೆ. ಮೊಳೆ ಬಿಗಿದ ಕಡೆಗಳಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡರೆ ಇದೇ ಕಾರಣ. ಬಿಸಿಲು ಹಾಯಿಯನ್ನೂ, ಹಾಸುಬಟ್ಟೆಯ ಹೊಲಿಗೆಯನ್ನೂ, ಹಗ್ಗವನ್ನೂ ಹೊರಗೆ ತೋರದಂತೆ ಜೀರ್ಣಗೊಳಿಸುತ್ತದೆ. ಮರಳು ರಾಟೆಗಳನ್ನು ಸವೆಸುತ್ತದೆ. ಆದುದರಿಂದ ಪ್ರತಿಸಲವೂ ದೋಣಿಯನ್ನು ಸಿಹಿನೀರಿನಿಂದ ತೊಳೆದು, ಹಾಯಿಯನ್ನು ಒಣಗಿಸಿ ಸುತ್ತಿ, ಪಟ್ಟಿಕೋಲುಗಳ ಬಿಗಿಯನ್ನು ಸಡಿಲಿಸಿ ಇಡುವುದು ರೂಢಿ.

ತಂತಿಹಗ್ಗವು ನಡುವೆ ಕಡಿಯುವುದು ಅಪರೂಪ. ಲೋಹದ ತುದಿಯೊಳಗೆ ಹೊಕ್ಕು ನಿಲ್ಲುವ ಜಾಗದಲ್ಲಿಯೇ ಅದರ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಅಲ್ಲಿ ಒಂದೇ ಎಳೆ ಮೇಲೆದ್ದು ಬೆರಳಿಗೆ ಚುಚ್ಚಿದರೂ ಆ ತಂತಿಯನ್ನು ಬದಲಾಯಿಸತಕ್ಕದ್ದೇ ಸರಿ. ಕೆಡುವಂತೆ ಕಾಣದಿದ್ದರೂ ಕೆಲವು ವರ್ಷಗಳಿಗೊಮ್ಮೆ ಎಲ್ಲ ತಂತಿಗಳನ್ನೂ ಹೊಸದಾಗಿ ಹಾಕುವವರೇ ವಿವೇಕಿಗಳು. ಒಡಲಿನ ಗೋಡೆಯು ಎರಡು ತೆಳು ಪದರಗಳ ನಡುವೆ ನೊರೆಯಂತಹ ಹಗುರ ವಸ್ತುವನ್ನಿಟ್ಟು ಮಾಡಿದ್ದು. ಪದರಗಳು ಬಿಟ್ಟುಕೊಂಡರೆ ಕೈಯಿಂದ ಒತ್ತಿದಾಗ ಅಲ್ಲಿ ಮೆತ್ತಗಾಗುತ್ತದೆ; ಬೆರಳಗೆಣ್ಣಿನಿಂದ ತಟ್ಟಿದರೆ ಗಡಿಗೆಯನ್ನು ತಟ್ಟಿ ನೋಡಿದಾಗ ಬಿರುಕು ತಿಳಿಯುವಂತೆ ಸದ್ದಿನಲ್ಲಿಯೇ ತಿಳಿಯುತ್ತದೆ. ಕೂವೆಯ ಹತ್ತಿರದ ಕಂಬಗಳ ಸುತ್ತಲೂ, ಎಂದರೆ ಭಾರ ಬೀಳುವ ಕಡೆಯಲ್ಲಿಯೇ, ಈ ರೋಗವು ಮೊದಲು ಕಾಣಿಸುತ್ತದೆ.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಒಡಲಿನೊಳಗೆ ಸೇರುವ ನೀರು. ಒಂದು ಒಡಲಿನ ದೋಣಿಯಲ್ಲಿ ನೀರು ಸೇರಿದರೆ ಅದು ನಿಧಾನವಾಗಿ ತಗ್ಗುತ್ತದೆ. ಜೋಡಿದೋಣಿಯಲ್ಲಿ ಒಂದೇ ಒಡಲಿಗೆ ನೀರು ಸೇರಿದರೆ ಸಮತೋಲನವೇ ಹೋಗುತ್ತದೆ; ಎರಡು ಕಾಲುಗಳಲ್ಲಿ ಒಂದು ಕುಸಿದಂತೆ. ಇದಕ್ಕೆ ಹವಾಯಿಯ ‘ಹೋಕುಲೆಯಾ’ ದುಃಖಕರವಾದ ನಿದರ್ಶನ. ಪ್ರಾಚೀನ ಜೋಡಿದೋಣಿಯ ಮಾದರಿಯಲ್ಲಿ, ತೊಲೆಗಳನ್ನು ಹಗ್ಗದಿಂದಲೇ ಬಿಗಿದು ಕಟ್ಟಿದ ಈ ನಾವೆಯನ್ನು ೧೯೭೫ರಲ್ಲಿ ನೀರಿಗಿಳಿಸಿದರು. ೧೯೭೬ರಲ್ಲಿ, ದಿಕ್ಸೂಚಿ ಮೊದಲಾದ ಯಾವ ಯಂತ್ರದ ಸಹಾಯವೂ ಇಲ್ಲದೆ, ಮೌ ಪಿಯಾಯ್ಲುಗ್ ಎಂಬ ದ್ವೀಪವಾಸಿಯು ನಕ್ಷತ್ರಗಳನ್ನೂ ಅಲೆಗಳನ್ನೂ ನೋಡಿ ಅದನ್ನು ಹವಾಯಿಯಿಂದ ಟಹೀಟಿಗೆ ಮುಟ್ಟಿಸಿದನು. ೧೯೭೮ರ ಮಾರ್ಚ್ ೧೬ರಂದು ಅದೇ ನಾವೆಯು ಮತ್ತೆ ಹೊರಟಿತು. ಬಲವಾದ ಗಾಳಿಯಲ್ಲಿ ಬಲಗಡೆಯ ಒಡಲಿಗೆ ನೀರು ತುಂಬಿ, ಅದು ನಡುಗಡಲಿನಲ್ಲಿ ಮಗುಚಿಕೊಂಡಿತು. ಅಲೆ ಜಾರುವ ವಿದ್ಯೆಯಲ್ಲಿ ಪ್ರಖ್ಯಾತನೂ, ಅನೇಕರ ಪ್ರಾಣವನ್ನುಳಿಸಿದವನೂ ಆದ ಎಡ್ಡಿ ಐಕಾವು ಎಂಬ ತರುಣನು ತನ್ನ ಹಲಗೆಯನ್ನೇರಿ, ಸಹಾಯವನ್ನು ತರುವುದಕ್ಕಾಗಿ ದಡದ ಕಡೆಗೆ ಹೊರಟನು. ಮಗುಚಿದ ಒಡಲನ್ನು ಹಿಡಿದುಕೊಂಡಿದ್ದವರು ಕಡೆಗೆ ರಕ್ಷಿಸಲ್ಪಟ್ಟರು. ಅವರಿಗಾಗಿ ಹೋದ ಐಕಾವು ಮಾತ್ರ ಹಿಂದಿರುಗಲಿಲ್ಲ. ಪಂದ್ಯದ ಪುಟ್ಟ ದೋಣಿಯವರು ನೀರಿಗಿಳಿಯುವ ಮುನ್ನ ಒಡಲಿನ ಬಿರಡೆಗಳನ್ನು ಮುಟ್ಟಿ ಮುಟ್ಟಿ ನೋಡುವುದು, ದಡಕ್ಕೆ ಬಂದ ಮೇಲೆ ಅವನ್ನು ತೆಗೆದು ಒಳಗಿನಿಂದ ಎಷ್ಟು ನೀರು ಬಂದಿತೆಂದು ಅಳೆಯುವುದು, ಇವು ನೋಡುವವರಿಗೆ ಅತಿಯಾದ ಶಂಕೆಯಂತೆ ತೋರಬಹುದು. ಹೋಕುಲೆಯಾದ ಕಥೆಯನ್ನು ತಿಳಿದವರಿಗೆ ಹಾಗೆ ತೋರಲಾರದು. ಆ ದುರಂತದ ತರುವಾಯ ಆ ನಾವೆಯನ್ನೂ ಅದರ ಯಾತ್ರೆಯ ನಿಯಮಗಳನ್ನೂ ಸುಧಾರಿಸಿ, ೧೯೮೦ರಲ್ಲಿ ಮತ್ತೆ ಟಹೀಟಿಗೆ ಹೋಗಿಬಂದರು.

೮

ಪೂರ್ವ ಕರಾವಳಿಯಲ್ಲಿ ಈಗ ಮೂಲದ ಕಟ್ಟುಮರಗಳು ವಿರಳವಾಗುತ್ತಿವೆ. ಗಾಜಿನೆಳೆಯ ಯಂತ್ರದೋಣಿಗಳು ಕಳೆದ ಶತಮಾನದ ಕೊನೆಯ ದಶಕಗಳಿಂದಲೇ ಅವುಗಳ ಸ್ಥಳವನ್ನು ಆಕ್ರಮಿಸುತ್ತಿದ್ದುವು. ೨೦೦೪ರ ಡಿಸೆಂಬರಿನ ಸುನಾಮಿಯ ತರುವಾಯ ಪರಿಹಾರರೂಪವಾಗಿ ಬಂದ ಹೊಸ ದೋಣಿಗಳಿಂದ ಈ ಬದಲಾವಣೆ ಮತ್ತಷ್ಟು ತ್ವರಿತವಾಯಿತು. ಬೆಸ್ತನಿಗೆ ಶ್ರಮ ಕಡಮೆಯಾಗಿ ಸಂಪಾದನೆ ಹೆಚ್ಚಾಗುವುದಾದರೆ ಅದನ್ನು ಆಕ್ಷೇಪಿಸುವುದು ಸಲ್ಲದು. ಹಳೆಯದೆಂಬ ಒಂದೇ ಕಾರಣದಿಂದ ಬಡವನು ಅದನ್ನು ಹೊತ್ತಿರಬೇಕೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಆದರೆ ಹೆಸರನ್ನು ಕೊಟ್ಟ ವಸ್ತುವು ತವರಿನಲ್ಲಿ ಮರೆಯಾಗುತ್ತ, ಹೆಸರು ಮಾತ್ರ ಲೋಕದಲ್ಲೆಲ್ಲ ಸಂಚರಿಸುತ್ತಿರುವಾಗ, ಆ ಹೆಸರಿನೊಳಗಿನ ಅರ್ಥವನ್ನಾದರೂ ತಿಳಿದಿರುವುದು ಆ ನುಡಿಯ ಸೋದರನುಡಿಗಳನ್ನಾಡುವವರ ಕರ್ತವ್ಯ. ಒಲಿಂಪಿಕ್ ಪಂದ್ಯಕ್ಕೆ ಸಿದ್ಧನಾಗುವ ನಾವಿಕನು ತಂತಿಯ ತುದಿಯನ್ನು ಬೆರಳಿನಿಂದ ಸವರಿ ನೋಡುವಾಗ ಮಾಡುವುದೂ, ಚೋಳಮಂಡಲದ ಮರಳಿನ ಮೇಲೆ ಬೆಸ್ತನು ನಸುಕಿನಲ್ಲಿ ಕತ್ತದ ಹಗ್ಗವನ್ನು ಎಳೆದು ನೋಡುವಾಗ ಮಾಡುತ್ತಿದ್ದುದೂ ಒಂದೇ ಕೆಲಸ. ಅನೇಕ ಬಿಡಿಗಳು ಕೂಡಿ ಒಂದಾದುದೆಲ್ಲವೂ ಕಟ್ಟಿನ ಬಲದಿಂದಲೇ ಒಂದಾಗಿ ಉಳಿಯುತ್ತದೆ. ಕಟ್ಟಾದರೋ ಒಮ್ಮೆ ಕಟ್ಟಿದ ಮಾತ್ರಕ್ಕೆ ಉಳಿಯುವುದಿಲ್ಲ, ಮತ್ತೆ ಮತ್ತೆ ಬಿಚ್ಚಿ ನೋಡಿ ಕಟ್ಟಿದರೆ ಉಳಿಯುತ್ತದೆ.